ಮೂರನೇ ತಿಂಗಳಲ್ಲಿ ಐದು ತಿಂಗಳ ಹೊಟ್ಟೆ

ನನ್ನ ಹೊಟ್ಟೆಯ ಮೇಲೆ ಮೊದಲು ಅನುಮಾನಪಟ್ಟವರು ವೈದ್ಯರಲ್ಲ, ನನ್ನ ಅತ್ತೆಯ ಅಕ್ಕ ಗುರುಬಾಯಿ ಮಾವಶಿ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಹುಮನಾಬಾದಿನ ನನ್ನ ಗಂಡನ ಮನೆಯಲ್ಲಿ ಅಂದು ನನ್ನ ಕಳ್ಳ ಕುಬಸ. ನಮ್ಮ ಕಡೆ ಬೀಗರನ್ನೆಲ್ಲ ಕರೆದು ಮಾಡುವ ದೊಡ್ಡ ಕುಬಸ ಏಳನೇ ತಿಂಗಳಿಗೆ. ಅದಕ್ಕೂ ಮೊದಲು, ಮೂರನೇ ತಿಂಗಳು ತುಂಬುವ ಹೊತ್ತಿಗೆ, ಮನೆಯ ಹೆಂಗಸರಷ್ಟೇ ಸೇರಿ, ಬಾಗಿಲು ಮುಂದೆ ಮಾಡಿಕೊಂಡು, ಬಸುರಿಗೆ ಹಸಿರು ಖಣ ಕೊಟ್ಟು ಉಡಿ ತುಂಬುತ್ತಾರೆ. ಬಸುರು ನಿಲ್ಲುತ್ತದೋ ಇಲ್ಲವೋ ಎಂಬ ಅಂಜಿಕೆ ಇರುವುದರಿಂದಲೇ ಅದನ್ನು ಕದ್ದು ಮಾಡುವುದು. ಆ ಹೊತ್ತಿನಲ್ಲಿ ಹಿರಿಯಳೊಬ್ಬಳು ಬಸುರಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ತಿಂಗಳು ಹೇಳುವುದು ಆ ಮನೆತನದ ರೂಢಿ.

ಮಾವಶಿ ಅಂಗೈ ಇಟ್ಟರು. ತೆಗೆದರು. ಮತ್ತೆ ಇಟ್ಟರು.

"ಹೊಕ್ಕಳಕ್ಕ ಬಂದು ಹತ್ಯಾದಲ್ಲ," ಎಂದರು, ನನಗಲ್ಲ, ಅತ್ತೆಗೆ. "ಇದು ಮೂರರದ್ದಲ್ಲ. ಐದರದ್ದು."

"ಅವಳಿ ಇದ್ದಿರಬೇಕಕ್ಕ," ಎಂದರು ಅತ್ತೆ.

"ಅವಳಿ ಇದ್ರ ಅಗಲ ಆಗ್ತದ. ಇದು ಎತ್ತರ ಆಗ್ಯಾದ. ಲಗ್ನ ಆಗಿ ಎಷ್ಟಾತು?"

ಎಷ್ಟಾಯಿತೆಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಾಲ್ಕು ತಿಂಗಳು. ಮಾವಶಿ ಹೋಳಿಗೆಯ ತಾಟನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತ, "ಗುಲ್ಬರ್ಗಾದಾಗ ಹಾಸ್ಟೆಲಿನ್ಯಾಗ ಇದ್ದಳಲ್ಲ," ಎಂದರು. ಅದು ಪ್ರಶ್ನೆಯಲ್ಲ, ತೀರ್ಪು.

ನಾನು ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿದವಳು. ಒಂದು ಸಮುದಾಯ ಹೆಣ್ಣಿನ ದೇಹವನ್ನು ಹೇಗೆ ಕಾವಲು ಕಾಯುತ್ತದೆ ಎಂಬುದರ ಮೇಲೆ ಪುಟಗಟ್ಟಲೆ ಬರೆದು ಅಂಕ ಪಡೆದವಳು. ಆ ದಿನ ಉಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು ಹೊತ್ತು ಮಣೆಯ ಮೇಲೆ ಕುಳಿತಿದ್ದ ನನಗೆ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಏಕೆಂದರೆ ಅವರ ಅನುಮಾನ ಸುಳ್ಳೆಂದು ನನಗೆ ಗೊತ್ತಿದ್ದರೂ ಅವರ ಅಂಗೈ ಹೇಳಿದ್ದು ಸುಳ್ಳಾಗಿರಲಿಲ್ಲ. ಹೊಟ್ಟೆ ನಿಜಕ್ಕೂ ಹೊಕ್ಕಳಿಗೆ ಬಂದು ಮುಟ್ಟಿತ್ತು. ಕೆಲವೇ ದಿನಗಳಲ್ಲಿ ಅಷ್ಟು ಮೇಲೇರಿದ ಅದನ್ನು ಕಂಡು ನಾನೇ ಬೆದರಿದ್ದೆ. ಸೊಂಟದ ಹಿಂದೆ ಯಾರೋ ಬೆಣೆ ಬಡಿದಂಥ ನೋವು. ಮೂತ್ರಕ್ಕೆ ಕುಳಿತರೆ ನಾಲ್ಕು ಹನಿ, ಎದ್ದರೆ ಮತ್ತೆ ಅವಸರ. "ಉಷ್ಣ ಆಗ್ಯಾದ," ಎಂದು ಅತ್ತೆ ಜೀರಿಗೆ ನೀರು ಕುದಿಸಿ ಕುದಿಸಿ ಕೊಟ್ಟಿದ್ದರು. ನಾನು ಕುಡಿದಷ್ಟೂ ಹೊಟ್ಟೆ ಬಿಗಿಯುತ್ತಿತ್ತು.

ಮೂತ್ರ ಕಟ್ಟಿಕೊಂಡಿದ್ದು ಅಷ್ಟು ಹೆಂಗಸರಿದ್ದ ಮನೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲವೇಕೆ ಎಂದು ಈ ಕಥನ ಓದುವವರು ಕೇಳಬಹುದು. ಉತ್ತರ ಆ ಮನೆಯ ಅಂಗಳದಲ್ಲಿದೆ. ನನ್ನ ಮಾವನವರದು ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ. ಅಂಗಡಿಯ ಹಿಂದೆ ದೊಡ್ಡ ಅಂಗಳ, ಅಂಗಳದ ಒಂದು ಬದಿಗೆ ಮನೆ, ಎದುರು ಬದಿಯ ಮೂಲೆಯಲ್ಲಿ ಪಾಯಖಾನೆ. ತೊಗರಿಯ ಸುಗ್ಗಿ ಆರಂಭವಾದರೆ ಬೆಳಕು ಹರಿದಾಗಿನಿಂದ ದೀಪ ಹಚ್ಚುವವರೆಗೆ ಅಂಗಳದ ತುಂಬ ಚೀಲ, ಹಮಾಲರು, ಬೀಡಿ ಸೇದುತ್ತ ಕುಳಿತ ರೈತರು, ತೂಕದ ಕೂಗು. ಅಷ್ಟು ಗಂಡಸರ ನಡುವೆ ತಂಬಿಗೆ ಹಿಡಿದು ಸೊಸೆ ಹಾದುಹೋಗುವಂತಿಲ್ಲ. ಹಾಗೆಂದು ಯಾರೂ ಕಟ್ಟಪ್ಪಣೆ ಮಾಡಿರಲಿಲ್ಲ, ಮಾಡುವ ಅಗತ್ಯವೂ ಇರಲಿಲ್ಲ. ಸುಗ್ಗಿಯಲ್ಲಿ ಅತ್ತೆ ಮಧ್ಯಾಹ್ನದ ಊಟಕ್ಕೆ ನೀರನ್ನೇ ಕುಡಿಯುತ್ತಿರಲಿಲ್ಲ. ಹಗಲೆಲ್ಲ ತಡೆದುಕೊಳ್ಳುವುದು ಅಲ್ಲಿ ಮರ್ಯಾದೆಯ ಲಕ್ಷಣ. ಹೀಗಾಗಿ ನಾನು ಹೋಗುತ್ತಿಲ್ಲ ಎಂಬುದು ಅವರ ಕಣ್ಣಿಗೆ ಒಳ್ಳೆಯ ಸೊಸೆಯ ನಡತೆಯಾಗಿ ಕಂಡಿತ್ತು. ಸುಗ್ಗಿಗೆ ಮೊದಲೇ ನನ್ನ ದೇಹ ಹೋಗಲಾರದ ಸ್ಥಿತಿಗೆ ಬಂದಿತ್ತೋ, ಸುಗ್ಗಿಯೇ ಅದನ್ನು ಅಲ್ಲಿಗೆ ತಳ್ಳಿತೋ, ಇವತ್ತಿಗೂ ನನಗೆ ಖಚಿತವಿಲ್ಲ.

ಕುಬಸದ ಮರುದಿನ ಬೆಳಿಗ್ಗೆ ಅತ್ತೆ ಮತ್ತು ನನ್ನ ಗಂಡ ಶಿವರಾಜ ನನ್ನನ್ನು ಅದೇ ಊರಿನ ನರ್ಸಿಂಗ್ ಹೋಮೊಂದಕ್ಕೆ ಕರೆದೊಯ್ದರು. ಹೊಟ್ಟೆಯೊಳಗಿನದನ್ನು ತೋರಿಸುವ ಯಂತ್ರ ಅಲ್ಲಿಗೆ ಹೊಸದಾಗಿ ಬಂದಿತ್ತು. ನನ್ನ ಬೆನ್ನುನೋವಿಗೆ ಔಷಧ ಕೊಡಿಸಲು ಹೊರಟಿದ್ದೇವೆಂದು ದಾರಿಯಲ್ಲಿ ಸಿಕ್ಕವರಿಗೆ ಅತ್ತೆ ಹೇಳುತ್ತಿದ್ದರು. ನಾವು ಹೊರಟದ್ದು ತಿಂಗಳು ಎಣಿಸಲು. ಅದು ಮೂವರಿಗೂ ಗೊತ್ತಿತ್ತು.

ಕಾಯುವ ಹಾಲಿನಲ್ಲಿ ಬೆಂಚು ಸಾಲದೆ ಹೆಂಗಸರು ಗೋಡೆಗೊರಗಿ ಕುಳಿತಿದ್ದರು. ಪಕ್ಕದಲ್ಲಿದ್ದ ಮಾಣಿಕನಗರದ ಹೆಂಗಸೊಬ್ಬಳು ನನ್ನ ಹೊಟ್ಟೆಯನ್ನೂ ಮುಖವನ್ನೂ ನೋಡಿ, "ಯಾಕ ಬಂದೀಯವ್ವ, ಚೀಲ ತೆಗಸಾಕೇನು?" ಎಂದು ಕೇಳಿದಳು. ನಮ್ಮ ಕಡೆ ಗರ್ಭಕೋಶವನ್ನು ಚೀಲವೆಂದೇ ಕರೆಯುವುದು. ಅಂಗಳದಲ್ಲಿ ಬಿದ್ದಿರುವ ಗೋಣಿಗೂ ಅದೇ ಹೆಸರು.

"ಇಲ್ರಿ, ಬಸುರಿದ್ದೀನಿ."

"ಹಂಗೇನು. ನಂದು ಹೋದ ವರ್ಷ ತೆಗದಾರ. ಬಿಳಿಸೆರಗು ಅಂತ ಬಂದಿದ್ದೆ. ನಮ್ಮ ನೆಗೆಣ್ಣಿ ನಡ ನೋವು ಅಂತ ಬಂದಳು, ಆಕಿದೂ ತೆಗದ್ರು. ಈಗ ನೋಡು, ನಮ್ಮ ಅತ್ತಿದು ತೋರಸಾಕ ಬಂದೀನಿ."

"ನಿಮ್ಮ ಅತ್ತಿಗೆ ಏನಾಗ್ಯಾದ್ರಿ?"

"ಏನೂ ಆಗಿಲ್ಲ," ಎಂದು ಅವಳು ನಕ್ಕಳು. "ಮನ್ಯಾಗ ಇನ್ನ ಆಕಿದೊಂದೇ ಉಳದದ."

ಸುತ್ತಲಿದ್ದ ಹೆಂಗಸರೂ ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಆ ಹಾಲಿನಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದೆ. ಬೇರೆ ಬೇರೆ ಊರು, ವಯಸ್ಸು, ದೂರು. ಒಳಗಿನಿಂದ ಎಲ್ಲರಿಗೂ ಒಂದೇ ಉತ್ತರ ಬರುತ್ತಿದೆಯೆಂದರೆ ಅದು ರೋಗದಿಂದ ಬಂದ ಉತ್ತರವೇ?

ಯಂತ್ರದ ಕೋಣೆಯ ಹೊರಗೆ ಒಬ್ಬ ಸಹಾಯಕಿ ನೀರಿನ ಜಗ್ಗು ಹಿಡಿದು ನಿಂತಿದ್ದಳು. "ಕುಡೀರಿ. ಇನ್ನ ಕುಡೀರಿ. ಒಂದಕ್ಕ ತುಂಬಿದ್ರನೇ ಒಳಗಿಂದು ಕಾಣ್ತದ."

"ನನಗ ಒಂದಕ್ಕ ಸರಿಯಾಗಿ ಆಗಾಕತ್ತಿಲ್ರಿ," ಎಂದೆ.

"ಛಲೋನೇ ಆತಲ್ಲ, ಹಂಗಾದ್ರ ಜಲ್ದಿ ತುಂಬ್ತದ. ಸ್ಕ್ಯಾನ್ ಮುಗಿಯೂ ತನಕ ಹೋಗಬ್ಯಾಡ್ರಿ ಮತ್ತ."

ಇದನ್ನು ಒತ್ತಿ ಬರೆಯುತ್ತಿದ್ದೇನೆ. ನಾನು ಹೇಳಿದ್ದೆ. ರೋಗಿಗಳು ನಾಚಿಕೆಯಿಂದ ಹೇಳುವುದಿಲ್ಲ, ಹೇಳದಿದ್ದರೆ ನಮಗೆ ತಿಳಿಯುವುದು ಹೇಗೆ ಎಂದು ಕೇಳುವ ವೈದ್ಯರು ಇದನ್ನು ಎರಡು ಸಲ ಓದಲಿ.

ಡಾಕ್ಟರು ಹೊಟ್ಟೆಗೆ ತಣ್ಣನೆಯ ಲೋಳೆ ಸವರಿ ಪರದೆ ನೋಡಿದರು. ಪರದೆಯ ಮುಖ ಅವರ ಕಡೆಗಿತ್ತು. ಆಮೇಲೆ ತಮ್ಮ ಕೋಣೆಯಲ್ಲಿ ಶಿವರಾಜನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡು ಮಾತು ಆರಂಭಿಸಿದರು. ಅತ್ತೆ ಅವನ ಬೆನ್ನಿಗೆ, ನಾನು ಬಾಗಿಲ ಬಳಿ.

"ಕೂಸು ಮೂರು ತಿಂಗಳದ್ದೇ ಅದ. ಆದ್ರ ಅದರ ಮುಂದ ನೀರಿನ ಗಡ್ಡಿ ಅದ, ಭಾಳ ದೊಡ್ಡದು. ಚೀಲನ ಹಿಂದಕ್ಕ ನೂಕಿ ಬಿಟ್ಟದ. ಒಳಗ ಒಡದ್ರ ಜೀವಕ್ಕ ಧೋಕಾ. ಜಲ್ದಿ ಆಪರೇಷನ್ ಮಾಡಬೇಕು."

"ಕೂಸಿಂದು?" ಎಂದ ಶಿವರಾಜ.

"ಕೂಸಿನ ಭರವಸೆ ಇಟ್ಟಕೋಬ್ಯಾಡ್ರಿ. ಗಡ್ಡಿ ಚೀಲಕ್ಕ ಹತ್ತಿಕೊಂಡಿತ್ತಂದ್ರ ಚೀಲನೂ ತೆಗೀಬೇಕಾಗ್ತದ. ಹೆಣ್ಣುಮಗಳು ಉಳದ್ರ ಸಾಕು ಅನ್ರಿ."

ಆಗ ಅತ್ತೆ ಮುಂದೆ ಬಾಗಿ ಕೇಳಿದ ಪ್ರಶ್ನೆ ಗಡ್ಡೆಯದಲ್ಲ. "ಸಾಹೇಬ್ರ, ಮೂರೇ ತಿಂಗಳದ್ದೇನ್ರಿ? ಬರಾಬರ್ ನೋಡಿ ಹೇಳ್ರಿ."

"ಬರಾಬರ್ ಮೂರು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, "ದೇವ್ರು ಮಾನ ಉಳಿಸಿದ," ಎಂದರು.

ನನ್ನ ಎದೆ ಒಡೆದದ್ದು ಅಲ್ಲಿ. ಮೇಲಿನ ಎರಡು ತಿಂಗಳ ಎತ್ತರಕ್ಕೆ ಈಗ ಕಾರಣ ಸಿಕ್ಕಿತ್ತು. ನನ್ನ ಹೊಟ್ಟೆಯ ಗಡ್ಡೆ ನನ್ನ ಶೀಲಕ್ಕೆ ಸಾಕ್ಷಿ ನುಡಿದಿತ್ತು. ಮಾವಶಿಯ ಬಾಯಿ ಮುಚ್ಚಿಸಲು ಅದಕ್ಕಿಂತ ಒಳ್ಳೆಯ ಉತ್ತರ ಆ ಮನೆಗೆ ಬೇರೆ ಇರಲಿಲ್ಲ. ಆದ್ದರಿಂದ ಆ ಗಡ್ಡೆ ಇದೆಯೋ ಇಲ್ಲವೋ ಎಂದು ಇನ್ನೊಬ್ಬರಲ್ಲಿ ಕೇಳುವ ಮನಸ್ಸು ಯಾರಿಗೂ ಬರಲಿಲ್ಲ. ಬೇಕಾದ ಉತ್ತರ ಸಿಕ್ಕವರು ಎರಡನೇ ಸಲ ಪ್ರಶ್ನೆ ಕೇಳುವುದಿಲ್ಲ.

"ಸರ್, ನನಗೊಮ್ಮೆ ತೋರಸ್ರಿ," ಎಂದೆ ಬಾಗಿಲಿನಿಂದ.

"ನಿಮಗೇನು ತಿಳೀತದ ತಾಯಿ?"

"ಓದಿದಾಕಿ ಇದ್ದೀನ್ರಿ. ಎಂ.ಎ. ಮಾಡೀನಿ, ಸಮಾಜಶಾಸ್ತ್ರ."

"ಸಮಾಜಶಾಸ್ತ್ರದಾಗ ಚೀಲದ ಪಾಠ ಇರ್ತದೇನು?"

ಅವರು ನಕ್ಕರು. ಶಿವರಾಜನೂ ನಕ್ಕ. ಆ ನಗುವನ್ನು ನಾನು ಇನ್ನೂ ಕ್ಷಮಿಸಿಲ್ಲ. ಅದು ಅವನಿಗೆ ಗೊತ್ತಿದೆ, ಇದನ್ನು ಬರೆಯುತ್ತಿರುವುದೂ ಅವನಿಗೆ ಗೊತ್ತಿದೆ.

ನಾಡಿದ್ದು ಬೆಳಿಗ್ಗೆ ಆಪರೇಷನ್ ಎಂದು ನಿಗದಿಯಾಯಿತು, ಅಲ್ಲಿಯವರೆಗೆ ನುಂಗಲು ಗುಳಿಗೆ ಕೊಟ್ಟರು. ನಾನು ಒಲ್ಲೆ ಎಂದರೆ ಓದಿದವಳ ಸೊಕ್ಕು ಎಂದಾಗುತ್ತಿತ್ತು. ಹಾಗಾಗಿ ಅವರದೇ ರೂಢಿಯೊಂದನ್ನು ಎದುರಿಗಿಟ್ಟೆ. ಚೊಚ್ಚಲ ಬಸುರಿನ ಭಾರ, ಬಾಣಂತನದ ಭಾರ, ನಮ್ಮಲ್ಲಿ ತವರಿನದು. "ಹೆತ್ತಾಕಿಗೆ ಒಂದು ಮಾತು ಕೇಳದ ಹೊಟ್ಟಿ ಕೊಯ್ಸಿದ್ರಿ ಅಂತ ನಾಳೆ ನಮ್ಮವ್ವ ನಾಕು ಮಂದ್ಯಾಗ ಅಂದ್ರ ನೀವೇನಂತೀರಿ, ಅತ್ತಿ?" ಎಂದೆ.

"ಬೀಗತಿ ಬಾಯಿ ನನಗ ಗೊತ್ತದ," ಎಂದರು ಅತ್ತೆ. "ಹೋಗಿ ಬಾ. ಆದ್ರ ನಾಡದು ಇಲ್ಲಿರಬೇಕು."

ಶಿವರಾಜ ಅಂದೇ ಜೀಪು ಮಾಡಿ ನನ್ನನ್ನು ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದ. ಹೆದ್ದಾರಿಯ ಒಂದೊಂದು ತಗ್ಗಿಗೂ ಹೊಟ್ಟೆಯೊಳಗೆ ಕುದಿಯುವ ಕೊಡ ತುಳುಕಿದಂತಾಗುತ್ತಿತ್ತು. ಒಂದೆಡೆ ಗಾಡಿ ನಿಲ್ಲಿಸಿ ಜಾಲಿಯ ಮರೆಗೆ ಹೋಗಿ ಕುಳಿತೆ. ಹನಿ ಬೀಳಲಿಲ್ಲ. ಕಲ್ಯಾಣದ ಕಡೆಗೆ ರಸ್ತೆ ಹೊರಳುವಾಗ ಅವನು, "ಡಾಕ್ಟರ್ ಓದಿದವರದಾರಲ್ಲ, ಯಾಕ ಶಕ್ ಮಾಡ್ತಿ?" ಎಂದ. "ನಿಮ್ಮ ಮನ್ಯಾಗ ನನ್ನ ಮ್ಯಾಲ ಶಕ್ ಮಾಡೂ ಮುಂದ ಇದನ್ನ ಕೇಳಿದ್ರೇನು?" ಎಂದೆ. ಅವನು ನನ್ನನ್ನು ತವರಿನ ಬಾಗಿಲಲ್ಲಿ ಇಳಿಸಿದ. ಸುಗ್ಗಿ ಬಿಟ್ಟು ನಿಲ್ಲುವಂತಿರಲಿಲ್ಲವಾದ್ದರಿಂದ ಅದೇ ಜೀಪಿನಲ್ಲಿ ತಿರುಗಿ ಹೋದ.

ಅವ್ವ ನನ್ನ ಹೊಟ್ಟೆಯನ್ನು ಮುಟ್ಟಲಿಲ್ಲ, ತಿಂಗಳು ಕೇಳಲಿಲ್ಲ. ಮುಖ ನೋಡಿ ಚಪ್ಪಲಿ ಮೆಟ್ಟಿದಳು. "ನಡಿ," ಎಂದಳು.

ಕಲ್ಯಾಣದಲ್ಲಿ ಆಗ ಹೆಣ್ಣುಮಕ್ಕಳನ್ನು ನೋಡುವ ಲೇಡಿ ಡಾಕ್ಟರೊಬ್ಬರಿದ್ದರು. ಬೈಯುವುದಕ್ಕೆ ಹೆಸರುವಾಸಿ. ಅವರ ಬಗ್ಗೆಯೂ ನನಗೆ ನಂಬಿಕೆ ಇರಲಿಲ್ಲ. ಇಲ್ಲಿಯೂ ಚೀಲ ತೆಗೆಯುವ ಮಾತೇ ಕಾದಿದೆ ಎಂದು ಬೆಂಚಿನ ಮೇಲೆ ಕುಳಿತಿದ್ದೆ; ಕುಳಿತಿದ್ದೆ ಎನ್ನುವುದಕ್ಕಿಂತ ಬೆಂಚಿನ ಅಂಚು ಹಿಡಿದು ತೂಗುತ್ತಿದ್ದೆ.

ಅವರು ನನ್ನನ್ನು ಮಲಗಿಸುವ ಮೊದಲೇ ಕೇಳಿದರು. "ಒಂದಕ್ಕ ಪೂರಾ ಖಾಲಿ ಆಗೂ ಹಂಗ ಯಾವಾಗ ಹೋಗಿದ್ದಿ?"

"ನೆನಪಿಲ್ರಿ."

"ನೆನಪಿಲ್ಲ ಅಂದ್ರ? ಉಂಡಿದ್ದು ನೆನಪಿರ್ತದ, ಇದು ನೆನಪಿರಲ್ಲೇನು?"

"ಈಕಿ ಅತ್ತಿ ಮನ್ಯಾಗ ಸುಗ್ಗಿ ಅದರಿ," ಎಂದಳು ಅವ್ವ.

"ಸುಗ್ಗಿಗೂ ಇದಕ್ಕೂ ಏನು ಸಂಬಂಧವ್ವ?"

ಅವ್ವ ಅಂಗಳ, ಹಮಾಲರು, ಪಾಯಖಾನೆ ಎಲ್ಲವನ್ನೂ ಹೇಳಿದಳು. ಆ ಮನೆಯಲ್ಲಿ ಒಂದು ದಿನವೂ ಉಳಿಯದ ಅವ್ವನಿಗೆ ಅದೆಲ್ಲ ಹೇಗೆ ಗೊತ್ತೆಂದು ನನಗೆ ಆಶ್ಚರ್ಯವಾಯಿತು. ಆಮೇಲೆ ಹೊಳೆಯಿತು, ಅವಳೂ ಒಂದು ಕಾಲದಲ್ಲಿ ಯಾವುದೋ ಅಂಗಳ ದಾಟಲಾರದೆ ಕುಳಿತ ಸೊಸೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಆಯಾಗೆ ರಬ್ಬರಿನ ನಳಿಗೆ ತರಲು ಹೇಳಿದರು.

ನಳಿಗೆ ಒಳಹೊಕ್ಕ ಕ್ಷಣವನ್ನು ಬಣ್ಣಿಸಲಾರೆ. ಸ್ವಲ್ಪ ಬಿಟ್ಟು, ಸ್ವಲ್ಪ ತಡೆದು, ಮತ್ತೆ ಬಿಟ್ಟು, ಅವರು ನಿಧಾನವಾಗಿ ಖಾಲಿ ಮಾಡುತ್ತಿದ್ದರು. ಆಯಾ ಬೋಗಾಣಿ ಬದಲಿಸಿದಳು, ಮತ್ತೊಮ್ಮೆ ಬದಲಿಸಿದಳು. ನನ್ನ ಹೊಟ್ಟೆ ಕಣ್ಣೆದುರಿಗೇ ಕುಸಿಯುತ್ತ ಹೋಯಿತು. ಗೋಡೆಗೊರಗಿ ನಿಂತಿದ್ದ ಅವ್ವ ತಲೆ ತಲೆ ಬಡಿದುಕೊಂಡು ಅಳಲು ಶುರು ಮಾಡಿದಳು. "ಕೂಸು ಹೋತೇನ್ರಿ? ಹೊಟ್ಟಿ ಎಲ್ಲಿ ಹೋತ್ರಿ?"

"ಹೊಟ್ಟಿ ಬೋಗಾಣ್ಯಾಗ ಅದ, ನೋಡು," ಎಂದರು ಡಾಕ್ಟರು. "ಕೂಸು ತನ್ನ ಜಾಗಾದಾಗ ಅದ. ಅಳೂದು ನಿಲ್ಲಿಸಿ ಆಕಿ ಕೈ ಹಿಡಕೊ."

ಗಡ್ಡೆ ಇರಲಿಲ್ಲ. ಹುಮನಾಬಾದಿನ ಪರದೆಯ ಮೇಲೆ ಕಂಡ ದೊಡ್ಡ ನೀರಿನ ಚೀಲ ನನ್ನ ಮೂತ್ರಕೋಶ. ಅವರೇ ಜಗ್ಗು ಜಗ್ಗು ನೀರು ಕುಡಿಸಿ ಹಿಗ್ಗಿಸಿದ್ದನ್ನು ಅವರೇ ಕಂಡು ಕೊಯ್ಯಲು ದಿನ ಗೊತ್ತು ಮಾಡಿದ್ದರು.

ಕೈಯಿಂದ ಪರೀಕ್ಷಿಸಿದ ಮೇಲೆ ಡಾಕ್ಟರು ತಮ್ಮ ಮುಷ್ಟಿಯನ್ನು ನನ್ನ ಮುಂದೆ ಹಿಡಿದರು. "ನಿನ್ನ ಚೀಲ ಇಷ್ಟೇ ಇತ್ತು, ಬಸುರಾಗೂ ಮೊದಲ. ಬಹಳ ಮಂದಿದು ಹಿಂಗ ಮುಂದ ಬಾಗಿರ್ತದ." ಮಣಿಕಟ್ಟನ್ನು ಮುಂದಕ್ಕೆ ಮಡಿಸಿದರು. "ಕೆಲವರದು ಹಿಂಗ." ಹಿಂದಕ್ಕೆ ಮಡಿಸಿದರು. "ಇದು ರೋಗ ಅಲ್ಲ, ಎಡಗೈಲೆ ಉಣ್ಣವರು ಇರಲ್ಲೇನು, ಹಂಗ. ಕೂಸು ಬೆಳದಂಗ ಬೆಳದಂಗ ತಾನೇ ನೆಟ್ಟಗಾಗಿ ಮ್ಯಾಲ ಏಳ್ತದ. ನಿಂದು ಏಳಲಿಲ್ಲ, ನಡದ ಎಲುಬಿನ ಕೆಳಗ ಸಿಕ್ಕೊಂಡದ. ಸಿಕ್ಕೊಂಡು ಒಂದಕ್ಕ ಹೋಗೂ ದಾರಿ ಒತ್ತಿ ಹಿಡದದ."

"ಈಗ ಏಳ್ತದೇನ್ರಿ?"

"ಏಳಸಬೇಕು. ಎದ್ರ ಕೂಸೂ ಉಳೀತದ, ಚೀಲನೂ ಉಳೀತದ. ಪೂರಾ ಭರವಸೆ ಕೊಡಂಗಿಲ್ಲ ನಾ."

ಭರವಸೆ ಕೊಡುವುದಿಲ್ಲ ಎಂದ ಆ ಮಾತಿನಿಂದಲೇ ನನಗೆ ಅವರ ಮೇಲೆ ಮೊದಲ ನಂಬಿಕೆ ಹುಟ್ಟಿತು.

ನಳಿಗೆ ಹಾಕಿಕೊಂಡೇ ಮಲಗಿದೆ. ಆಗಾಗ ಮಂಡಿಯೂರಿ, ಎದೆಯನ್ನು ಹಾಸಿಗೆಗೆ ತಾಗಿಸಿ, ಸೊಂಟವನ್ನು ಮೇಲೆತ್ತಿ ಇರಬೇಕಿತ್ತು. ಸಾಷ್ಟಾಂಗ ಹಾಕಲು ಹೊರಟು ಅರ್ಧಕ್ಕೇ ಮರೆತು ನಿಂತ ಭಂಗಿ. ಅವ್ವ ಪಕ್ಕದಲ್ಲಿ ಕುಳಿತು ನನ್ನ ಸೀರೆ ಸರಿಪಡಿಸುತ್ತ, ಬಂದುಹೋಗುವವರ ಮೇಲೆ ಕಣ್ಣಿಟ್ಟಿದ್ದಳು. ಅಷ್ಟಕ್ಕೆ ಅದು ಜಗ್ಗಲಿಲ್ಲ. ಎರಡು ರಾತ್ರಿ ಕಳೆದ ಮೇಲೆ, ಬೆಳಿಗ್ಗೆ, ಡಾಕ್ಟರು ಕೈ ಹಾಕಿದರು. ಆಯಾ ನನ್ನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು, "ಉಸಿರು ಬಿಡು, ನನ್ನವ್ವ, ಹಿಡಿಬ್ಯಾಡ," ಎನ್ನುತ್ತಿದ್ದಳು. ಅವಳ ಸೀರೆಗೆ ಫಿನಾಯಿಲ್ ಮತ್ತು ಎಲೆಯಡಿಕೆಯ ವಾಸನೆ. ನೋವು ಬಂತು, ನಿಂತಿತು, ಮತ್ತೆ ಬಂತು. ಆಮೇಲೆ ಒಳಗೆ ಎಲ್ಲೋ ಕೆಸರಿನಿಂದ ಕಾಲು ಕಿತ್ತುಕೊಂಡಂತೆ ಒಂದು ಸಣ್ಣ ಎಳೆತ.

"ಬಂತು," ಎಂದರು ಡಾಕ್ಟರು, ತಮಗೆ ತಾವೇ.

ಆ ದಿನ, ನಿಗದಿಯಾದ ಆಪರೇಷನ್ನಿನ ದಿನವೇ, ಶಿವರಾಜ ನನ್ನನ್ನು ಕರೆದೊಯ್ಯಲು ಬಂದ. ಮನೆಯಲ್ಲಿ ಕೇಳಿಕೊಂಡು ದವಾಖಾನೆಗೆ ಬಂದು ಬಾಗಿಲಲ್ಲೇ ನಿಂತು, "ಡಾಕ್ಟರ್ ಕಾಯಾಕತ್ತಾರ," ಎಂದ.

"ಯಾತಕ್ಕ?" ಎಂದಳು ಅವ್ವ.

"ಗಡ್ಡಿ ತೆಗೀಲಾಕ."

"ಗಡ್ಡಿ ಮೋರಿಗೆ ಚೆಲ್ಲಿ ಬಂದೀವಿ, ಅಳಿಯಂದ್ರ. ಬೇಕಂದ್ರ ನಿಮ್ಮ ಡಾಕ್ಟರಿಗೆ ಬಾಟ್ಲ್ಯಾಗ ತುಂಬಿ ಕೊಡ್ತೀವಿ."

ಅವನು ನನ್ನ ಹೊಟ್ಟೆ ನೋಡಿದ. ಇಲ್ಲದ ಹೊಟ್ಟೆ ನೋಡಿ ಕೆಳಗೆ ಕುಳಿತುಬಿಟ್ಟ. ಅವ್ವ ಎಲ್ಲವನ್ನೂ ಬಿಡಿಸಿ ಹೇಳಿದಳು. ಕೇಳಿ ಮುಗಿದ ಮೇಲೆ ಅವನು ಮೆಲ್ಲಗೆ, "ನನಗರ ಹೇಳಬೇಕಿತ್ತಲ್ಲ," ಎಂದ.

"ಅಲ್ಲಿ ನೀರಿನ ಜಗ್ಗು ಹಿಡಿದಾಕಿಗೆ ಹೇಳೀನಿ, ನೀರು ಕುಡಿ ಅಂದಳು," ಎಂದೆ. "ನಿಮಗ ಹೇಳಿದ್ರ ನೀವು ಅಂಗಳ ಖಾಲಿ ಮಾಡಸ್ತಿದ್ರೇನು?"

ಮಾಡಿಸುತ್ತಿದ್ದೆ ಎಂದು ಅವನು ಸುಳ್ಳು ಹೇಳಲಿಲ್ಲ. ಆ ದಿನ ಅದಷ್ಟನ್ನೇ ಅವನ ಲೆಕ್ಕಕ್ಕೆ ಜಮಾ ಮಾಡಿಕೊಂಡೆ.

ನಾನು ತವರಿನಲ್ಲೇ ಉಳಿದೆ. ಆ ವಾರಗಳು ಹೇಗಿದ್ದವೆಂದು ಇಂಥದ್ದನ್ನು ಹಾದುಬಂದವರಿಗೆ ಹೇಳಬೇಕಿಲ್ಲ, ಹಾದು ಹೋಗುತ್ತಿರುವವರಿಗಾಗಿ ಹೇಳುತ್ತೇನೆ. ಒಂದಕ್ಕೆ ಹೋದಾಗಲೆಲ್ಲ ರಕ್ತವಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಧಾರೆ ಸರಾಗವಾಗಿ ಬಿದ್ದರೆ ಅದರ ಮೇಲೂ ಅನುಮಾನ. ಮಂಚದಿಂದ ಏಳುವಾಗ ಮತ್ತೆ ಹಿಂದಕ್ಕೆ ವಾಲಿಬಿಟ್ಟಿತೇ ಎಂದು ನಿಂತಲ್ಲೇ ನಿಲ್ಲುತ್ತಿದ್ದೆ. ಮುಷ್ಟಿಯಷ್ಟಿದ್ದ ಒಂದು ಮಾಂಸದ ಚೀಲ ತನ್ನ ಗೋಡೆಯನ್ನು ತಾನೇ ದಪ್ಪಗೊಳಿಸಿಕೊಂಡು, ಹಿಗ್ಗಿಸಿಕೊಂಡು, ಸೊಂಟದ ಬಟ್ಟಲಿನ ಅಂಚು ದಾಟಿ ಮೇಲೆ ಬರುತ್ತದೆ ಎಂಬುದನ್ನು ಡಾಕ್ಟರು ಹೇಳಿದ್ದರು. ಹೇಳಿದ ಮಾತ್ರಕ್ಕೆ ನಂಬುವವಳು ನಾನಾಗಿರಲಿಲ್ಲ. ಒಂದು ಬೆಳಿಗ್ಗೆ ಹೊಕ್ಕಳ ಕೆಳಗೆ ಕೈಯಿಟ್ಟಾಗ ಮೂತ್ರಕೋಶದ ಬಿಗುವಲ್ಲದ, ದುಂಡಗಿನ, ಹದವಾದ ಗಟ್ಟಿತನವೊಂದು ಬೆರಳಿಗೆ ಸಿಕ್ಕಿತು. ಅದರ ಮರುವಾರ ಅದು ಇನ್ನಷ್ಟು ಮೇಲಿತ್ತು. ಐದನೇ ತಿಂಗಳಲ್ಲಿ, ಈ ಸಲ ಸತ್ಯವಾದ ಐದನೇ ತಿಂಗಳಲ್ಲಿ, ಅದು ಹೊಕ್ಕಳ ಮುಟ್ಟಿತು, ಒಳಗಿನಿಂದ ಯಾರೋ ಬೆರಳಿನಿಂದ ತಟ್ಟಿದಂತಾಯಿತು. ಅವ್ವನನ್ನು ಕರೆಯಲಿಲ್ಲ. ಇನ್ನೊಮ್ಮೆ ತಟ್ಟುವವರೆಗೆ ಕಾದೆ.

ಅಷ್ಟರಲ್ಲಿ ಹುಮನಾಬಾದಿನಲ್ಲಿ ಕಥೆ ಬೇರೆಯೇ ಆಗಿತ್ತು. ಮೂತ್ರ ಎಂಬ ಶಬ್ದವನ್ನು ಬೀಗರ ಮುಂದೆ ಆಡಲಾಗದ ಅತ್ತೆ, ಹರಕೆ ಹೊತ್ತದ್ದಕ್ಕೆ ಗಡ್ಡೆ ಕರಗಿತು ಎಂದು ಹೇಳಿಕೊಂಡು ಬಂದಿದ್ದರು. ನರ್ಸಿಂಗ್ ಹೋಮಿನವರು ತಾವು ಕೊಟ್ಟ ಗುಳಿಗೆಯಿಂದ ಕರಗಿತು ಎನ್ನುತ್ತಿದ್ದರಂತೆ. ಆ ಗುಳಿಗೆಗಳನ್ನು ನಾನು ನುಂಗಿರಲೇ ಇಲ್ಲ. ಏಳನೇ ತಿಂಗಳಿಗೆ ನನ್ನನ್ನು ಹುಮನಾಬಾದಿಗೆ ಕರೆಸಿ ಮಾಡಿದ ಕುಬಸಕ್ಕೆ ಬಂದ ಗುರುಬಾಯಿ ಮಾವಶಿ ಮಾತ್ರ ಯಾವ ಕಥೆಗೂ ಸೊಪ್ಪು ಹಾಕಲಿಲ್ಲ. "ನನ್ನ ಕೈ ಗಲತ್ ಹೇಳಿಲ್ಲ. ಐದರ ಎತ್ತರ ಇತ್ತಿಲ್ಲೋ?" ಎಂದರು.

"ಇತ್ತು ಮಾವಶಿ. ಎತ್ತರ ಖರೆ ಇತ್ತು. ಹಾಸ್ಟೆಲಿಂದು?"

ಅವರು ನನ್ನ ಉಡಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದರು. "ಆಡಿದ ಮಾತು ಹಿಂದ ತಗೋಳಾಕ ಬರಲ್ಲ, ತಂಗಿ," ಎಂದರು. ಆ ಕಡೆಯಿಂದ ನನಗೆ ಸಿಕ್ಕ ಕ್ಷಮಾಪಣೆ ಅಷ್ಟೇ. ಅಂಗಳದ ಪಾಯಖಾನೆಯ ವಿಷಯವನ್ನು ನಾನೇ ಮಾವನವರ ಮುಂದೆ ಎತ್ತಿದೆ. ಆ ಬೇಸಿಗೆಯಲ್ಲಿ ಹಿತ್ತಲ ಕಡೆ ಇನ್ನೊಂದು ಕಟ್ಟಿಸಿದರು. ಮೊದಲ ದಿನ ಅದರಿಂದ ಹೊರಬಂದ ಅತ್ತೆ, ಹಾಡುಹಗಲು ಕೈ ತೊಳೆಯುತ್ತ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದರು.

ಮಗಳು ಕಲ್ಯಾಣದಲ್ಲಿ ಹುಟ್ಟಿದಳು. ಕೆಲವು ತಿಂಗಳ ನಂತರ, ಅವಳನ್ನು ಅವ್ವನ ಹತ್ತಿರ ಬಿಟ್ಟು, ಶಿವರಾಜನನ್ನು ಕರೆದುಕೊಂಡು ಆ ನರ್ಸಿಂಗ್ ಹೋಮಿಗೆ ಹೋದೆ. ಬೇಡವೆಂದವರು ಅನೇಕರು. ಎಲ್ಲ ಒಳ್ಳೆಯದೇ ಆಯಿತಲ್ಲ, ಈಗೇಕೆ? ಒಳ್ಳೆಯದಾದದ್ದು ಆ ಡಾಕ್ಟರಿಂದಲ್ಲ ಎಂಬ ಕಾರಣಕ್ಕೆ. ನನಗೆ ಅವ್ವನಿದ್ದಳು, ಚೊಚ್ಚಲಿನ ನೆಪವಿತ್ತು. ಎರಡನೆಯ ಬಸುರಿನವಳಾಗಿದ್ದರೆ, ತವರಿಲ್ಲದವಳಾಗಿದ್ದರೆ, ನನ್ನ ಮಗಳೂ ಅವಳಿದ್ದ ಮನೆಯೂ ಒಂದೇ ತಟ್ಟೆಯಲ್ಲಿ ಬಂದು ಬೀಳುತ್ತಿದ್ದವು. ಅವರದು ತಪ್ಪೋ, ದುರಾಸೆಯೋ ನನಗೆ ತಿಳಿಯದು. ತಪ್ಪಾಗಿದ್ದರೆ ಒಪ್ಪಿಕೊಳ್ಳಲಿ, ದುರಾಸೆಯಾಗಿದ್ದರೆ ನಿಲ್ಲಿಸಲಿ. ಕೇಳದೆ ಎರಡೂ ಆಗುವುದಿಲ್ಲ.

ಸರದಿ ಬಂದಾಗ ಇಬ್ಬರೂ ಒಳಗೆ ಹೋಗಿ ಕುಳಿತೆವು. ಯಾರೆಂದು ಹೇಳಿದೆ. ಅವರಿಗೆ ನೆನಪಿತ್ತು.

"ಗಡ್ಡಿ ಕರಗಿತಂತಲ್ಲ," ಎಂದರು ನಗುತ್ತ.

"ಗಡ್ಡಿ ಇರಲೇ ಇಲ್ರಿ. ತುಂಬಿದ ಮೂತ್ರಕೋಶ ಇತ್ತು. ಅದನ್ನ ಖಾಲಿ ಮಾಡಿ ಇನ್ನೊಮ್ಮೆ ಯಾಕ ನೋಡಲಿಲ್ಲ ನೀವು?"

"ನೋಡ್ರಿ, ಮಷೀನಿನ್ಯಾಗ ಕಂಡಿದ್ದು ಹೇಳೀವಿ. ದಿನಾ ಎಷ್ಟು ಪೇಷಂಟ್ ಬರ್ತಾರ ನಿಮಗೇನು ಮಾಲೂಮ್."

"ಅದನ್ನೇ ಕೇಳಾಕ ಬಂದೀನಿ. ಹೊರಗ ಕುಂತವರಾಗ ಎಷ್ಟು ಮಂದಿಗೆ ಖಾಲಿ ಮಾಡಿ ನೋಡೀರಿ? ಎಷ್ಟು ಮಂದಿಗೆ ಕೊಯ್ದು ನೋಡೀರಿ?"

ಅವರ ನಗು ಆರಿತು. ಕನ್ನಡಕ ತೆಗೆದು ಶಿವರಾಜನ ಕಡೆ ತಿರುಗಿದರು. ದನಿಯಲ್ಲಿ ಈಗ ಕಾಳಜಿ. "ಸಾವ್ಕಾರ್ರ, ಇವರದು ಹಿಂದಕ್ಕ ಬಾಗಿದ ಚೀಲ. ಮುಂದ ನಡ ನೋವು, ಮುಟ್ಟಿನ ತ್ರಾಸು ಎಲ್ಲಾ ಬರ್ತದ. ಕೂಸು ಹ್ಯಾಂಗೂ ಆತು. ಇನ್ನೊಂದು ಆದಮ್ಯಾಲ ಕರಕೊಂಡು ಬರ್ರಿ, ತೆಗದು ಬಿಡೂಣು. ಫಿಕರ್ ಇರಲ್ಲ."

ಶಿವರಾಜ ಅವರ ಮುಖವನ್ನೇ ನೋಡುತ್ತಿದ್ದ. "ನನಗ ಯಾಕ ಹೇಳಾಕತ್ತೀರಿ?" ಎಂದ. "ಚೀಲ ಆಕಿದದ."

ಡಾಕ್ಟರು ಮೇಜಿನ ಗಂಟೆ ಒತ್ತಿದರು. ಹಸಿರು ಸೀರೆಯ ಹೆಂಗಸೊಬ್ಬಳು ಒಳಗೆ ಬಂದಳು, ಎರಡೂ ಕುರ್ಚಿ ತುಂಬಿರುವುದನ್ನು ಕಂಡು ಬಾಗಿಲಲ್ಲೇ ನಿಂತಳು.

"ಬಾವ್ವ. ಇವರದು ಮುಗೀತು."

"ಮುಗಿದಿಲ್ರಿ," ಎಂದೆ.

ಶಿವರಾಜ ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟ. ಅವಳು ಹಿಂಜರಿದು ಕುರ್ಚಿಯ ತುದಿಗೆ ಕುಳಿತಳು. ನಾನು ನನ್ನದರಿಂದ ಏಳಲಿಲ್ಲ.